ಊರಿಗೊಂದು ಮೇಲ್ಮನೆ

ದುರುಗಪ್ಪ ಕೋಳಿ ಕೂಗುವ ಹೊತ್ತಿಗೆ ಎದೆ ಹಿಡಿದುಕೊಂಡು ಸತ್ತ. ಅವನನ್ನು ಎಲ್ಲಿ ಹೂಳಬೇಕು ಎಂಬುದು ಮಾತ್ರ ಇನ್ನೂ ಮೇಲ್ಮನೆಯಲ್ಲಿ ಕೂತಿತ್ತು.

ನಗಬೇಡಿ. ದಿಲ್ಲಿಗೊಂದು ಮೇಲ್ಮನೆ ಇದೆ. ಬೆಂಗಳೂರಿಗೊಂದು ಇದೆ. ಹೊಳೆಹೊಸೂರಿಗೂ ಒಂದಿದೆ. ಹಂಪಸಾಗರ ದಾಟಿ ಹಿನ್ನೀರಿನ ದಂಡೆ ಹಿಡಿದು ಬಂದರೆ ಸಿಗುವ ಊರು ಇದು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆಗೆ ಹಗರಿಬೊಮ್ಮನಹಳ್ಳಿಗೆ ಹೋಗಬೇಕು. ಆದರೆ ಶಾಸನ ಮಾಡಲಿಕ್ಕೆ ಮಾತ್ರ ಎರಡು ಮನೆ. ಕೆಳಗಿನದು ಗ್ರಾಮ ಪಂಚಾಯಿತಿ, ಮೇಲಿನದು ದೈವ. ಈ ಸೀಮೆಯಲ್ಲಿ ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರೆ ಅವರನ್ನು ದೈವ ಎನ್ನುತ್ತಾರೆ. ಮನುಷ್ಯರು ಕೂತು ಮನುಷ್ಯರಿಗೆ ದಂಡ ಹಾಕುವುದಕ್ಕೂ ದೇವರ ಹೆಸರೇ ಬೇಕು ನೋಡಿ.

ಸತ್ತವನ ಹೆಂಡತಿ ಮಾಳಮ್ಮ. ಅವಳೇ ಪಂಚಾಯಿತಿ ಅಧ್ಯಕ್ಷೆ. ಕೇರಿಯಲ್ಲಿ ಅವಳ ಮನೆಯ ಮುಂದೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ದವಡೆಗೆ ಬಟ್ಟೆ ಕಟ್ಟಿದ್ದರು. ಹಣೆಗೆ ಭಂಡಾರದ ಅರಿಸಿನ ಬಳಿದಿದ್ದರು. ಹೆಂಗಸರು ಅವನ ಗುಣ ಎತ್ತಿ ಹಾಡಿಕೊಂಡು ಅಳುತ್ತಿದ್ದರು. ಮಾಳಮ್ಮ ಅಳಲಿಲ್ಲ. ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು.

"ಯವ್ವಾ, ಒಂದೀಟು ಅತ್ತುಬಿಡ" ಎಂದಳು ಮಗಳು ರಮಾ. ಅವಳು ಕೂಡ್ಲಿಗಿಯಲ್ಲಿ ಅಂಗನವಾಡಿ ಟೀಚರು. ಸುದ್ದಿ ಕೇಳಿ ಸಿಕ್ಕ ಗಾಡಿ ಹತ್ತಿ ಬಂದಿದ್ದಳು. "ಒಳಗ ಇಟ್ಕಂಡ್ರ ನಿನಗೂ ಏನಾರ ಆಗ್ತತಿ."

"ಒಳಗ ಏನೂ ಇಲ್ಲವಾ" ಎಂದಳು ಮಾಳಮ್ಮ.

ಅದು ನಿಜವೇ. ದುಃಖ ಬಂದಿರಲಿಲ್ಲ. ಸಿಟ್ಟೂ ಬಂದಿರಲಿಲ್ಲ. ಯಾರೋ ಚಹಾ ಕೊಟ್ಟರು, ಕುಡಿದಳು. ಅದು ಸುಡುತ್ತಿತ್ತೋ ತಣ್ಣಗಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಹಾರೆ, ಗುದ್ದಲಿ ಹಿಡಿದುಕೊಂಡು ಬಂದ ಪಾಲಣ್ಣ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಕೇರಿಯಲ್ಲಿ ಯಾರೇ ಸತ್ತರೂ ಗುಂಡಿ ತೋಡಿಸುವವನು ಅವನು.

"ತಂಗೀ, ಹೊಳಿ ತುಂಬೈತಿ. ನಮ್ಮ ಜಾಗ ಕಾಣವಲ್ದು."

ಕೇರಿಯ ಹೆಣ ಹೂಳುವ ಜಾಗ ಹಿನ್ನೀರಿನ ಅಂಚಿನಲ್ಲಿದೆ. ಡ್ಯಾಮು ಕಟ್ಟಿದಾಗ ಹಳೇ ಊರು ಮುಳುಗಿತು. ಊರವರು ತಮ್ಮ ಗುಡಿ, ತಮ್ಮ ರುದ್ರಭೂಮಿ ಎಲ್ಲವನ್ನೂ ಮೇಲಕ್ಕೆ ತಂದುಕೊಂಡರು. ಕೇರಿಯ ಹೆಣಗಳನ್ನು ಯಾರು ತರುತ್ತಾರೆ? ಅವು ಅಲ್ಲೇ ಉಳಿದವು. ಬೇಸಿಗೆಯಲ್ಲಿ ಸತ್ತವನು ಪುಣ್ಯವಂತ. ಮಳೆಗಾಲದಲ್ಲಿ ಸತ್ತರೆ ಸತ್ತ ಮೇಲೂ ಬಿಡುಗಡೆ ಇಲ್ಲ. ಗುಂಡಿ ತೋಡಿದರೆ ನೀರು. ತೋಡಿದಷ್ಟೂ ನೀರು. ಪದ್ಧತಿಯಂತೆ ಕೂಡಿಸಲಿಕ್ಕಾಗುವುದಿಲ್ಲ, ಮಲಗಿಸಿ ಇಳಿಸಿದರೆ ಹೆಣ ಮೇಲೇಳುತ್ತದೆ. ಇಬ್ಬರು ಅದರ ಮೇಲೆ ನಿಂತು ತುಳಿಯಬೇಕು. ಇನ್ನಿಬ್ಬರು ಕಲ್ಲು ಹೇರಬೇಕು. ಕೆಸರು ಮುಚ್ಚಬೇಕು. ನಾಯಿ ಬರದ ಹಾಗೆ ಕಾಯಬೇಕು.

ತುಳಿಯುವ ಕೆಲಸ ದುರುಗಪ್ಪನದು. ಅವನು ದಪ್ಪ ಆಳು. ಹೋದ ಮಳೆಗಾಲದಲ್ಲಿ ಪಾಲಣ್ಣನ ತಾಯಿ ಸತ್ತಾಗ ಆ ಮುದುಕಿಯ ಎದೆಯ ಮೇಲೆ ಅವನೇ ನಿಂತ. ಅವನಿಗೆ ಎಣ್ಣೆ ಹಚ್ಚಿ ಎರೆದು ಬೆಳೆಸಿದ್ದ ಮುದುಕಿ. ನಿಂತಾಗ ಕಾಲಡಿಗೆ ಏನೋ ಲಟಕ್ಕೆಂದಿತು. ಅವತ್ತು ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಕಾಲು ತೊಳೆದ, ಮತ್ತೆ ತೊಳೆದ. "ಮಾಳೀ, ನನ್ನ ಮ್ಯಾಲ ಮಾತ್ರ ಯಾರನ್ನೂ ನಿಂದ್ರಸಬ್ಯಾಡ" ಎಂದ.

ಅವಳು ಹೂಂ ಎಂದಿದ್ದಳು. ಮರುವಾರವೇ ಪಂಚಾಯಿತಿಯಲ್ಲಿ ಠರಾವು ಮಾಡಿದಳು. ಗುಡ್ಡದ ಬುಡದಲ್ಲಿ ಸರ್ಕಾರಿ ಬೀಳು ಇದೆ, ಅದರಲ್ಲಿ ಒಂದು ತುಂಡು ಕೇರಿಯ ಹೆಣಗಳಿಗೆ ಅಂತ. ಸದಸ್ಯರು ಒಪ್ಪಿದರು. ಠರಾವು ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆಗೆ ಹೋಯಿತು. ಹೋದದ್ದು ಅಲ್ಲೇ ಉಳಿಯಿತು.

ಈ ಮೇಲ್ಮನೆ ಬಂದ ಕಥೆ ಹೇಳಿಬಿಡುತ್ತೇನೆ. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಯಿತು. ಊರ ಗೌಡ ಉಜ್ಜಿನಪ್ಪ ತನ್ನ ದನದ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದ ಮಾಳಮ್ಮನನ್ನು ಕರೆದು ನಿಲ್ಲಿಸಿದ. ಮಾತಾಡದ ಹೆಂಗಸು, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂದುಕೊಂಡ. ಮೊದಲ ಸಭೆಯಲ್ಲೇ ಅವಳು ಊರ ಟ್ಯಾಂಕಿನಿಂದ ಕೇರಿಗೆ ನಳ ಹಾಕಿಸುವ ಠರಾವು ಮಾಡಿದಳು. ಉಜ್ಜಿನಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬೈಯಲಿಲ್ಲ, ಹೊಡೆಯಲಿಲ್ಲ. ಕಾಲ ಬದಲಾಗಿದೆ, ಕೇಸು ಬೀಳುತ್ತದೆ. ಅವನು ಕೊಟ್ರಸ್ವಾಮಿ ಮೇಷ್ಟ್ರ ಹತ್ತಿರ ಹೋದ.

ಕೊಟ್ರಸ್ವಾಮಿ ರಿಟೈರಾದ ಹೆಡ್‌ಮಾಸ್ಟರು. ಮಕ್ಕಳಿಗೆ ಪೌರನೀತಿ ಕಲಿಸಿದವನು. ಕಟ್ಟೆಯ ಮೇಲೆ ಪೇಪರು ಓದಿ ಊರಿಗೆ ಅರ್ಥ ಹೇಳುವವನು. ಅವನು ಅಂಬೇಡ್ಕರ್ ಜಯಂತಿಯ ದಿನ ಕೇರಿಗೆ ಬಂದ. ಹುಟ್ಟಿದಾಗಿನಿಂದ ಕೇರಿಯೊಳಗೆ ಕಾಲಿಡದವನು ಬಂದ, ಕೈಯಲ್ಲಿ ಹಾರ ಹಿಡಿದುಕೊಂಡು ಬಂದ. ಫೋಟೋಕ್ಕೆ ಹಾರ ಹಾಕಿ ಕೈ ಮುಗಿದ. ಮುದುಕರ ಕಣ್ಣಲ್ಲಿ ನೀರು ಬಂತು.

"ಈ ಮಹಾನುಭಾವರು ದೇಶಕ್ಕ ಎರಡು ಮನಿ ಕೊಟ್ಟಾರ" ಎಂದ. "ಕೆಳಮನಿ ಜನ ಆರಿಸಿದ್ದು. ಅದು ಅವಸರ ಮಾಡ್ತತಿ. ಮೇಲ್ಮನಿ ತಿಳಿದೋರದ್ದು. ಅದು ತಡೀತತಿ, ತೂಗಿ ನೋಡ್ತತಿ. ನಮ್ಮೂರಾಗ ಒಂದ ಮನಿ ಐತಿ. ಅರ್ಧ ಸಂವಿಧಾನ ಇದ್ದಂಗ ಆತು. ಅದನ್ನ ಪೂರ್ತಿ ಮಾಡಾಣ. ಇದು ಊರಿನ ಸಂವಿಧಾನ ಸುಧಾರಣಿ. ಬಾಬಾಸಾಹೇಬರು ಬರದಿಟ್ಟಂಗ ನಡಿಯೂರು ಕೈ ಎತ್ರಿ."

ಎಂಥಾ ಮಾತು ನೋಡಿ. ಬೇರೆ ಯಾರ ಹೆಸರು ಹೇಳಿದ್ದರೂ ಕೇರಿ ಅನುಮಾನ ಪಡುತ್ತಿತ್ತು. ಸ್ವಾಮಿಗಳ ಹೆಸರು ಹೇಳಿದ್ದರೆ ನಗುತ್ತಿತ್ತು. ಎಮ್ಮೆಲ್ಲೆ ಹೆಸರು ಹೇಳಿದ್ದರೆ ಎದ್ದು ಹೋಗುತ್ತಿತ್ತು. ಆ ಫೋಟೋದ ಮುಂದೆ, ಆ ಹೆಸರು ಹೇಳಿದರೆ ಕೇರಿಯವರು ಕೈ ಎತ್ತದೆ ಇರುತ್ತಾರೆಯೇ? ಎಲ್ಲರೂ ಎತ್ತಿದರು. ಮಾಳಮ್ಮ ಎರಡೂ ಕೈ ಎತ್ತಿದಳು. ದುರುಗಪ್ಪನ ತಮ್ಮನ ಮಗ ಕ್ರಾಂತಿಕುಮಾರ್ ಡಿಗ್ರಿ ಓದಿ ಬಸ್ ಕಂಡಕ್ಟರ್ ಆಗಿರುವವನು. ಅವನು ಜೈಭೀಮ್ ಎಂದು ಕೂಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಪಂಚಾಯಿತಿಯಲ್ಲಿ ಠರಾವು ತಂದವಳು ಅಧ್ಯಕ್ಷೆಯೇ. ಇನ್ನು ಮುಂದೆ ಕೆಳಮನೆಯ ಯಾವ ತೀರ್ಮಾನವೂ ಮೇಲ್ಮನೆಯ ಒಪ್ಪಿಗೆ ಇಲ್ಲದೆ ಜಾರಿಗೆ ಬರತಕ್ಕದ್ದಲ್ಲ. ಪಿಡಿಓ ಸಾಹೇಬ ನಕ್ಕ. ಇಂಥದ್ದು ಯಾವ ಕಾನೂನಿನಲ್ಲೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಊರು ತಣ್ಣಗಿದ್ದರೆ ನನಗೇನು ಎಂದು ಬರೆದುಕೊಂಡ.

ಮೇಲ್ಮನೆಗೆ ಚುನಾವಣೆ ಇಲ್ಲ. ದೈವದಲ್ಲಿ ಕೂರುವ ಮನೆತನಗಳೇ ಸದಸ್ಯರು. ಕೇರಿಗೆ ಸ್ಥಾನ ಇಲ್ಲ, ಏಕೆಂದರೆ ಮೇಲ್ಮನೆ ಕೂಡುವುದು ಗುಡಿ ಕಟ್ಟೆಯ ಮೇಲೆ, ಕೇರಿಯವರು ಗುಡಿ ಕಟ್ಟೆ ಹತ್ತುವಂತಿಲ್ಲ. ಎಷ್ಟು ಸಲೀಸು! ಅಧ್ಯಕ್ಷೆ ಕೆಳಗೆ ಬಿಸಿಲಿನಲ್ಲಿ ನಿಂತು ಠರಾವು ಒಪ್ಪಿಸಬೇಕು. ಮೇಲಿನವರಿಗೆ ಸ್ಟೀಲಿನ ಲೋಟದಲ್ಲಿ ಚಹಾ ಬರುತ್ತಿತ್ತು, ಅವಳಿಗೆ ಪೇಪರ್ ಕಪ್ಪಿನಲ್ಲಿ. "ಭೇದ ಇಲ್ಲವಾ, ಸ್ವಚ್ಛ ಇರ್ತತಿ ಅಂತ" ಎನ್ನುತ್ತಿದ್ದ ಉಜ್ಜಿನಪ್ಪ. ಮೇಲಿನ ಓಣಿಗೆ ಸಿಮೆಂಟ್ ರಸ್ತೆ ಒಪ್ಪಿಗೆಯಾಯಿತು. ಗುಡಿ ಮುಂದೆ ದೊಡ್ಡ ದೀಪ ಒಪ್ಪಿಗೆಯಾಯಿತು. ಕೇರಿಯ ನಳ ಪರಿಶೀಲನೆಗೆ ಹೋಯಿತು. ಹೆಣದ ಜಾಗ ಪರಿಶೀಲನೆಗೆ ಹೋಯಿತು. ಆ ಬೀಳಿನಲ್ಲಿ ಉಜ್ಜಿನಪ್ಪ ಮೆಕ್ಕೆಜೋಳದ ಸಪ್ಪೆಯ ಬಣವೆ ಒಟ್ಟಿದ್ದ. ಜಾಗ ಅವನದಲ್ಲ. ಬಣವೆ ಅವನದು. ಅಷ್ಟೇ ಸಾಕಿತ್ತು.

ಕ್ರಾಂತಿಕುಮಾರನಿಗೆ ತಡವಾಗಿ ತಿಳಿಯಿತು. ತಿಳಿದವರನ್ನು ಕೇಳಿಕೊಂಡು ಬಂದು ತಲೆ ಚಚ್ಚಿಕೊಂಡ. "ದೊಡ್ಡವ್ವ, ಹಳ್ಳಿಗೆ ಮೇಲ್ಮನಿ ಅಂತ ಯಾವ ಪುಸ್ತಕದಾಗೂ ಇಲ್ಲ. ನಮ್ಮ ಕೈಲೇ ನಮ್ಮ ಕುತ್ತಿಗಿ ಕೊಯ್ಸ್ಯಾರ. ಅದರಾಗ ನಾ ಬ್ಯಾರೆ ಚಪ್ಪಾಳಿ ಹೊಡದೆ."

"ಆ ಫೋಟೋದ ಮುಂದ ಕೈ ಎತ್ತೀವಪ್ಪ. ಹೆಂಗ ಇಳಸೂದು?" ಎಂದಿದ್ದಳು ಮಾಳಮ್ಮ. ಕೇರಿಯೂ ಅದನ್ನೇ ಅಂದಿತ್ತು. ಬಾಬಾಸಾಹೇಬರಿಗೆ ಕೊಟ್ಟ ಮಾತು ತಪ್ಪುವುದು ಹೇಗೆ ಎಂದು ಹಲ್ಲು ಕಚ್ಚಿಕೊಂಡು ಕೂತಿತ್ತು.

ಈಗ ಪಾಲಣ್ಣ ಮತ್ತೆ ಕೇಳಿದ. "ದೈವ ಇವತ್ತು ಕಟ್ಟಿ ಮ್ಯಾಲೇ ಅದಾರ. ಶ್ರಾವಣದ ಪುರಾಣ ನಡದೈತಿ. ಹೋಗಿ ಒಂದ್ ಮಾತು ಕೇಳ್ತಿಯೇನವಾ?"

ಹೆಣ ಮನೆಯಲ್ಲಿಟ್ಟುಕೊಂಡು ಹೆಂಡತಿಯಾದವಳು ಹೊರಗೆ ಹೋಗುವುದಿಲ್ಲ. ಇವಳು ಎದ್ದಳು. ಅಧ್ಯಕ್ಷೆ ಅಲ್ಲವೇ. ಕ್ರಾಂತಿಕುಮಾರ್ ಹಿಂದೆ ಬಂದ. ಮೇಲಿನ ಓಣಿ ಬಂದಾಗ ಅವಳು ಚಪ್ಪಲಿ ಬಿಟ್ಟಳು. ಬಿಡಬೇಕೆಂದು ಬಿಟ್ಟದ್ದಲ್ಲ, ಕಾಲು ತಾನೇ ಬಿಟ್ಟಿತು. ಹೊಸ ಸಿಮೆಂಟ್ ರಸ್ತೆ ಕಾದಿತ್ತು. ಅವಳ ಸಹಿಯಿಂದಲೇ ಆದ ರಸ್ತೆ. ಅಂಗಾಲು ಸುಡುವುದೂ ಅವಳಿಗೆ ತಿಳಿಯಲಿಲ್ಲ.

"ಅಲ್ಲೇ ನಿಂದ್ರು ಮಾಳಮ್ಮ" ಎಂದ ಉಜ್ಜಿನಪ್ಪ. "ಸೂತಕ ಐತಿ ನಿನಗ. ಇನ್ನೀಟು ಹಿಂದಕ ಸರಿ."

ಸರಿದಳು. ದಿನಾ ನಿಲ್ಲುತ್ತಿದ್ದ ಜಾಗಕ್ಕಿಂತ ದೂರ, ಗಟಾರದ ಅಂಚಿಗೆ.

"ಸುದ್ದಿ ಕೇಳಿ ಭಾಳ ಕೆಟ್ಟನಿಸ್ತು. ದುರುಗ ನಮ್ಮ ಮನ್ಯಾಗ ದುಡದು ದೊಡ್ಡಾದೋನು. ಒಳ್ಳೆ ಆಳು."

"ಜಾಗ ಬೇಕಾಗಿತ್ರಿ ಗೌಡ್ರ" ಎಂದಳು ಮಾಳಮ್ಮ. "ಗುಡ್ಡದ ಬುಡಕಿಂದು. ಠರಾವು ತಮ್ಮ ಕಡೇನ ಐತಿ."

"ಐತಿ. ಎಲ್ಲಿಗೆ ಹೋಗ್ತತಿ? ಆದರ ಅದು ಎತ್ತರದ ಜಾಗ. ಮಳಿ ಬಂದ್ರ ನಿಮ್ಮ ಹೆಣದ ಮ್ಯಾಲಿನ ನೀರು ಊರಾಗ ಹರೀತತಿ. ಅದನ್ನ ಯೋಚನಿ ಮಾಡಬೇಕು."

"ಹೆಣ ಮನ್ಯಾಗ ಐತ್ರಿ."

ಕೊಟ್ರಸ್ವಾಮಿ ಕನ್ನಡಕ ತೆಗೆದು ಒರೆಸಿದ. "ನೋಡಮ್ಮ, ಮೇಲ್ಮನಿಗೂ ಒಂದು ಪದ್ಧತಿ ಐತಿ. ನೀವು ತಂದಿರೂ ವಿಷಯದಾಗ ನಿಮ್ಮ ಸ್ವಂತ ಹಿತ ಐತಿ. ಸತ್ತಿರೂರು ನಿಮ್ಮ ಯಜಮಾನರು. ಹಂಗಾಗಿ ನೀವು ಅದನ್ನ ಮಂಡಿಸಂಗಿಲ್ಲ. ಬ್ಯಾರೆ ಸದಸ್ಯರು ಮಂಡಿಸಬೇಕು."

"ಬ್ಯಾರೆ ಯಾರದಾರ್ರಿ? ನಮ್ಮೋರು ಒಬ್ಬರೂ ಕಟ್ಟಿ ಮ್ಯಾಲ ಇಲ್ಲ."

"ಅದು ಬ್ಯಾರೆ ಪ್ರಶ್ನೆ."

"ನಾ ಮಂಡಿಸ್ತೀನ್ರಿ ಸರ" ಎಂದ ಕ್ರಾಂತಿಕುಮಾರ್.

"ನೀ ಯಾವ ಮನಿ ಸದಸ್ಯ ಅದೀಯಪ್ಪ?" ಎಂದ ಉಜ್ಜಿನಪ್ಪ. "ನಿನ್ನ ಬಸ್ಸಿನಾಗ ಟಿಕೆಟ್ ಇಲ್ಲದೋರ್ನ ಕುಂದ್ರಿಸಿಕೊಂತಿ ಏನು?"

ಕಟ್ಟೆ ನಕ್ಕಿತು. ಸಾವಿನ ಮನೆಯಿಂದ ಬಂದವರ ಮುಂದೆ, ಗುಡಿಯ ಮುಂದೆ, ಹೊಟ್ಟೆ ಕುಲುಕಿಸಿ ನಕ್ಕಿತು. ಕೊಟ್ರಸ್ವಾಮಿ ಕೈ ಎತ್ತಿ ಸುಮ್ಮನಾಗಿಸಿದ. ಅವನು ಸಭ್ಯಸ್ಥ. ಎದ್ದು ನಿಂತು ಶಲ್ಯ ಸರಿಮಾಡಿಕೊಂಡ.

"ನಗೂದು ಬ್ಯಾಡ್ರಿ. ಕೆಳಮನಿ ಅಧ್ಯಕ್ಷರ ಯಜಮಾನರು ತೀರಿಕೊಂಡಾರ. ದಿಲ್ಲ್ಯಾಗೂ ಹಿಂಗಾದಾಗ ಮೊದಲು ಸಂತಾಪ, ಆಮ್ಯಾಲ ಉಳಿದದ್ದು. ಎಲ್ಲರೂ ಎದ್ದು ಒಂದು ನಿಮಿಷ ಮೌನ ಮಾಡ್ರಿ."

ಎದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ದುರುಗಪ್ಪ ಬದುಕಿದ್ದಾಗ ಅವನನ್ನು ಕಂಡು ಒಬ್ಬನೂ ಎದ್ದವನಲ್ಲ. ಅವನೇ ಅವರನ್ನು ಕಂಡು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಈಗ ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿ ನಿಂತರು. ಒಬ್ಬನ ಜೇಬಿನಲ್ಲಿ ಮೊಬೈಲು ಹಾಡಿತು. ಅವನು ಅದನ್ನು ಅದುಮಿ ಹಿಡಿದ. ಮಾಳಮ್ಮ ಕೆಳಗೆ ನಿಂತು ಅವರ ಮುಖ ನೋಡುತ್ತಿದ್ದಳು. ಇವರು ಒಪ್ಪುತ್ತಾರೆ ಎಂದು ಅವಳಿಗೆ ಆ ಹೊತ್ತು ಅನ್ನಿಸಿತು. ಇಷ್ಟು ಮಂದಿ ಎದ್ದು ನಿಂತಿದ್ದಾರೆ ಎಂದ ಮೇಲೆ ಒಪ್ಪದೆ ಇರುತ್ತಾರೆಯೇ!

ಕೊಟ್ರಸ್ವಾಮಿ ಕಣ್ಣು ಬಿಟ್ಟ. ಗಂಟಲು ಸರಿಮಾಡಿಕೊಂಡ.

"ಮೃತರ ಗೌರವಾರ್ಥ ಇವತ್ತಿನ ಸಭೆಯನ್ನು ಮುಂದೂಡಲಾಗಿದೆ. ಶ್ರಾವಣ ತೀರಿ ಬೆನಕನ ಅಮಾಸಿ ಮುಗದ ಮ್ಯಾಲ ಕೂಡಾಣ."

ಸತ್ತವನಿಗೆ ಗೌರವ ಕೊಟ್ಟು ಸತ್ತವನ ವಿಷಯವನ್ನೇ ಮುಂದಕ್ಕೆ ಹಾಕಿದರು. ಥೂ! ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

"ಅಲ್ಲಿತನಕ ಹೆಣ...?" ಎಂದಳು ಮಾಳಮ್ಮ.

"ಹೊಳಿ ದಂಡಿಗೇ ಮಾಡ್ರಿ" ಎಂದ ಉಜ್ಜಿನಪ್ಪ. ದೊಡ್ಡ ಮನಸ್ಸು ಮಾಡಿ ಹೇಳಿದ. "ನಮ್ಮ ಟ್ರ್ಯಾಕ್ಟರ್ ಕಳಿಸ್ತೀನಿ. ಎಷ್ಟು ಬೇಕೋ ಅಷ್ಟು ಕಲ್ಲು ಒಯ್ರಿ. ದುರುಗ ದಪ್ಪ ಆಳು. ಕಲ್ಲು ಜಾಸ್ತೀನ ಬೇಕಾಕ್ಕಾವು."

ಮಾಳಮ್ಮ ಅವನನ್ನೇ ನೋಡಿದಳು.

"ಕಲ್ಲು ಬ್ಯಾಡ್ರಿ" ಎಂದಳು.

ಅಷ್ಟೇ ಹೇಳಿ ತಿರುಗಿದಳು. ದಾರಿಯಲ್ಲಿ ಕ್ರಾಂತಿಕುಮಾರ್ ಅಳುತ್ತಾ ಬೈಯುತ್ತಾ ಬಂದ. ಡಿ.ಸಿ.ಗೆ ಹೇಳುತ್ತೇನೆ, ಪೇಪರಿನವರನ್ನು ಕರೆಸುತ್ತೇನೆ, ಹೆಣ ತಂದು ಇದೇ ಕಟ್ಟೆಯ ಮುಂದೆ ಇಡುತ್ತೇನೆ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ತಲೆಯೊಳಗೆ ಒಂದೇ ಮಾತಿತ್ತು. ಗುಂಡಿ ತೋಡಬೇಕು. ಹೊತ್ತು ಮುಳುಗುವುದರೊಳಗೆ ತೋಡಬೇಕು.

ಮನೆ ಮುಂದೆ ಕೇರಿಯೆಲ್ಲ ಕಾದಿತ್ತು.

"ಆತೇನವಾ?" ಎಂದ ಪಾಲಣ್ಣ.

"ಗುದ್ದಲಿ ತಗಂಡು ನಡಿ ಅಣ್ಣ. ಗುಡ್ಡದ ಬುಡಕ."

"ಮೇಲ್ಮನಿ ಒಪ್ಪಿತಾ?"

"ಇಲ್ಲ."

ಯಾರೂ ಏಳಲಿಲ್ಲ. ಹಲಿಗೆ ಬಡಿಯುವವರು ಕೈ ನಿಲ್ಲಿಸಿದರು. ಪಾಲಣ್ಣ ತಲೆ ಕೆರೆದುಕೊಂಡ. "ತಂಗೀ, ಬಾಬಾಸಾಹೇಬ್ರ ಮುಂದ ಕೈ ಎತ್ತೀವಿ. ದೈವ ಮೀರಿದ್ರ ನಾಳಿ ಕೂಲಿಗೆ ಕರಿಯಂಗಿಲ್ಲ. ಅಂಗಡ್ಯಾಗ ಉಪ್ಪು ಕೊಡಂಗಿಲ್ಲ."

"ನಿಮ್ಮವ್ವನ ಎದಿ ಮ್ಯಾಲ ನಿಂತಾಗ ಯಾವ ಮನಿ ಒಪ್ಪಿಗಿ ತಗಂಡಿದ್ವಿ ಪಾಲಣ್ಣ?"

ಪಾಲಣ್ಣ ಗುದ್ದಲಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಆ ಹೆಸರು ಹೇಳಿ ನಮಗ ಮೋಸ ಮಾಡಿದ್ದು ಅವರು" ಎಂದಳು ಮಾಳಮ್ಮ. ಧ್ವನಿ ಏರಿರಲಿಲ್ಲ. "ಆ ಮೋಸದ ಮಾತು ನಾವ್ಯಾಕ ನಡಸಬೇಕು? ಬರೂರು ಬರ್ರಿ. ಯಾರೂ ಬರಲಿಲ್ಲಂದ್ರ ನಾ ಒಬ್ಬಾಕೀನ ತೋಡ್ತೀನಿ."

ಹಾರೆ ಎತ್ತಿಕೊಂಡು ನಡೆದಳು. ಮೊದಲು ಎದ್ದವಳು ರಮಾ. ಆಮೇಲೆ ಕ್ರಾಂತಿಕುಮಾರ್. ಆಮೇಲೆ ಪಾಲಣ್ಣ, ಮೂಗು ಒರೆಸಿಕೊಳ್ಳುತ್ತಾ.

ಬಣವೆಯನ್ನು ಹೊರೆ ಹೊರೆಯಾಗಿ ಎತ್ತಿ ಬದಿಗೆ ಒಟ್ಟಿದರು. ಒಂದು ಕಡ್ಡಿಯನ್ನೂ ಕೆಡಿಸಲಿಲ್ಲ. ಕೆಳಗೆ ಗರಸು ನೆಲ. ಹಾರೆ ಹಾಕಿದರೆ ಕಣ್ಣಿಗೆ ಕಿಡಿ ಹಾರುತ್ತಿತ್ತು. ಮಾಳಮ್ಮ ಹಾಕಿದಳು. ಹಾಕಿದಳು. ಹಾಕಿದಳು. ಸೀರೆ ಎತ್ತಿ ಕಟ್ಟಿದ್ದಳು. ರಟ್ಟೆ ಬಿತ್ತು. ಅಂಗೈ ಬೊಬ್ಬೆ ಎದ್ದು ಒಡೆದು ಹಾರೆಗೆ ರಕ್ತ ಹತ್ತಿತು. ಕ್ರಾಂತಿಕುಮಾರ್ ಹಾರೆ ಕಸಿದುಕೊಳ್ಳಲು ಬಂದ, ಕೊಡಲಿಲ್ಲ. ಒಬ್ಬೊಬ್ಬರಾಗಿ ಕೇರಿಯವರು ಬಂದರು. ಗಂಡಸರು ತೋಡಿದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಎಳೆದರು. ಸೊಂಟದುದ್ದ ಇಳಿಯಿತು. ಎದೆಯುದ್ದ ಇಳಿಯಿತು. ಪಾಲಣ್ಣ ಗುಂಡಿಯೊಳಗೆ ಕೂತು ತಳವನ್ನು ಕೈಯಿಂದ ಸವರಿ ನೋಡಿದ. ಮಣ್ಣು ಬೊಗಸೆಯಲ್ಲಿ ಹಿಡಿದು ಮೇಲೆ ತೋರಿಸಿದ.

"ನೀರು ಬರವಲ್ದು. ಒಣಾ ಐತಿ ನೋಡ್ರೆಪ್ಪಾ, ಒಣಾ ಐತಿ!"

ಅಷ್ಟು ಹೇಳಿ ಅಲ್ಲೇ ಮುಖ ಮುಚ್ಚಿಕೊಂಡು ಅತ್ತ. ಮಾಳಮ್ಮ ಅವನು ಅಳುವುದನ್ನು ನೋಡಿದಳು. ತನಗೂ ಅಳು ಬರಬೇಕಿತ್ತು ಎಂದುಕೊಂಡಳು. ಬರಲಿಲ್ಲ.

ದುರುಗಪ್ಪನನ್ನು ಹೊತ್ತು ತಂದು ಇಳಿಸಿದರು. ಗುಂಡಿಯ ಗೋಡೆಗೆ ಆನಿಸಿ ಕೂಡಿಸಿದರು. ಮೇಲೇಳಲಿಲ್ಲ, ಹೊರಳಲಿಲ್ಲ. ಒಣ ಮಣ್ಣಿನಲ್ಲಿ ನೆಟ್ಟಗೆ ಕೂತ. ರಮಾ ಮೊದಲ ಹಿಡಿ ಮಣ್ಣು ಹಾಕಿದಳು. ಎದೆಯ ಮಟ್ಟಕ್ಕೆ ಮಣ್ಣು ಬಂದಿತ್ತು, ಅಷ್ಟರಲ್ಲಿ ಬುಲೆಟ್ ಗಾಡಿಯ ಸದ್ದು ಕೇಳಿತು. ಉಜ್ಜಿನಪ್ಪ, ಹಿಂದೆ ಕೊಟ್ರಸ್ವಾಮಿ. ಅವರ ಹಿಂದೆ ಮೇಲಿನ ಓಣಿಯ ನಾಲ್ಕೈದು ಗಾಡಿಗಳು. ಎಲ್ಲರೂ ಬದುವಿನ ಮೇಲೆ ನಿಂತರು.

"ಲೇ ಮಾಳೀ!" ಎಂದು ಕೂಗಿದ ಉಜ್ಜಿನಪ್ಪ. ಕಟ್ಟೆಯ ಮುಂದೆ ಮಾಳಮ್ಮನಾಗಿದ್ದವಳು ಇಲ್ಲಿ ಮಾಳಿಯಾದಳು. "ಯಾರನ್ನ ಕೇಳಿ ತೋಡಿದಿ? ಸೊಕ್ಕು ಬಂತಾ ನಿನಗ?"

ಮಾಳಮ್ಮ ಸಲಿಕೆ ನಿಲ್ಲಿಸಿದಳು.

"ಅಧ್ಯಕ್ಷರ, ಇದು ತಪ್ಪು" ಎಂದ ಕೊಟ್ರಸ್ವಾಮಿ. "ಠರಾವು ತಂದೋರು ನೀವ. ಕೈ ಎತ್ತಿದೋರು ನೀವ. ಇದು ಸಂವಿಧಾನಕ್ಕ ಮಾಡೂ ಅಪಮಾನ."

"ಕೈ ಎತ್ತಿದ್ದು ಖರೇ ಐತ್ರಿ ಮೇಷ್ಟ್ರ. ಆ ಠರಾವು ಇವತ್ತಿಗೆ ರದ್ದು. ಊರಿಗೆ ಒಂದ ಮನಿ."

"ಹಂಗ ಬಾಯಿ ಮಾತಿಲೆ ರದ್ದು ಮಾಡಾಕ ಬರಂಗಿಲ್ಲ."

"ನೀವೂ ಬಾಯಿ ಮಾತಿಲೇ ಕೈ ಎತ್ತಿಸಿದ್ರಿ."

ಉಜ್ಜಿನಪ್ಪನ ಮುಖ ಕೆಂಪಾಯಿತು. "ಇದನ್ನ ಹಿಂಗ ಬಿಡ್ತೀನಿ ಅಂದ್ಕಂಡಿಯಾ? ಈಗಿಂದೀಗ ಹೆಣ ಮ್ಯಾಲ ತಗಸ್ತೀನಿ. ಪೊಲೀಸ್ರನ್ನ ಕರಸ್ತೀನಿ."

"ಕರಸ್ರಿ. ಪೊಲೀಸ್ರೂ ಹೆಣ ಮುಟ್ಟಂಗಿಲ್ಲ, ಆಳು ಕೇಳಾಕ ನಮ್ಮ ಕೇರಿಗೇ ಬರ್ತಾರ. ಹೊಳ್ಯಾಗ ತೇಲಿ ಬಂದ ಹೆಣ ತಗಿಯೂರು ನಾವು. ನಿಮ್ಮ ಸತ್ತ ದನ ಎಳಿಯೂರು ನಾವು. ಈ ಹೆಣ ತಗಿಯಾಕ ನಮ್ಮ ಪೈಕಿ ಒಬ್ಬರೂ ಬರಂಗಿಲ್ಲ."

ಅವಳು ಗುಂಡಿಯಿಂದ ಪಕ್ಕಕ್ಕೆ ಸರಿದಳು. ಕೇರಿಯವರಿಗೆ ಕೈ ಮಾಡಿದಳು. ಅವರೂ ಸರಿದರು. ಗುಂಡಿಯ ಸುತ್ತ ಜಾಗ ಖಾಲಿಯಾಯಿತು. ಎದೆಮಟ್ಟ ಮಣ್ಣಿನಲ್ಲಿ ದುರುಗಪ್ಪ ಕೂತಿದ್ದ. ಹಣೆಯ ಭಂಡಾರ ಬೆವೆತವರ ಕೈ ತಾಗಿ ಅಳಿಸಿತ್ತು. ಮಾಳಮ್ಮ ಸಲಿಕೆಯ ಹಿಡಿಕೆಯನ್ನು ಬದುವಿನ ಕಡೆಗೆ ಚಾಚಿದಳು.

"ಬರ್ರಿ ಗೌಡ್ರ, ನೀವ ತಗೀರಿ. ಮೇಷ್ಟ್ರ, ನೀವು ಆ ಕಡೆ ರಟ್ಟಿ ಹಿಡೀರಿ. ಮುಟ್ಟಿ ಎತ್ರಿ. ಇಳೀರಿ."

ಬದುವಿನ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ರಸ್ವಾಮಿ ಶಲ್ಯದ ಸೆರಗನ್ನು ಮೂಗಿಗೆ ಒತ್ತಿಕೊಂಡ. ಉಜ್ಜಿನಪ್ಪ ಹಿಂದಿದ್ದವರ ಕಡೆ ತಿರುಗಿದ. ಹಿಂದಿದ್ದವರು ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದರು.

"ಇಳೀರೀ!" ಎಂದು ಮಾಳಮ್ಮ ಕೂಗಿದಳು. ಬೆಳಗಿನಿಂದ ಅವಳು ಧ್ವನಿ ಎತ್ತಿದ್ದು ಅದೇ ಮೊದಲು.

ಯಾರೂ ಇಳಿಯಲಿಲ್ಲ. ಅವಳು ಸಲಿಕೆ ತಿರುಗಿ ಹಿಡಿದು ಗುಂಡಿಗೆ ಮಣ್ಣು ಎಳೆಯತೊಡಗಿದಳು.